ಬಚ್ಚಲ ನೀರಿನ ಮೂಲೆಯಿಂದ ಬೇಲಿಯವರೆಗೆ: ಬಯಲುಸೀಮೆಯ ಹಿತ್ತಲಲ್ಲಿ ಏನೇನು ನೋಡಬಹುದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಬಂಡೆ, ಬಿಸಿಲು, ಬತ್ತಿದ ಕೊಳವೆಬಾವಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಇಂಥ ಕಡೆ ಹಿತ್ತಲು ಮಾಡಿ ನೋಡುವುದೇನಿದೆ ಎಂದು ಕೇಳುವವರು ನಮ್ಮೂರುಗಳಲ್ಲೇ ಇದ್ದಾರೆ. ಅವರಿಗೆ ಶಿರಾದ ಒಂದು ಹಳೆಯ ಸಂಗತಿ ಹೇಳಬೇಕು. ಹೈದರಾಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ ಶುರುಮಾಡಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಶಿರಾದಲ್ಲಿ ಮೊಗಲರ ಕಾಲಕ್ಕೆ ಬೆಳೆದಿದ್ದ ತೋಟವನ್ನು ಎನ್ನುತ್ತದೆ ಇತಿಹಾಸ. ತೋಟದ ವಿದ್ಯೆ ಇಲ್ಲಿಂದ ಅಲ್ಲಿಗೆ ಹೋದದ್ದು.

ಒಣನಾಡಿನ ಹಿತ್ತಲಿಗೆ ಮಲೆನಾಡಿನಲ್ಲಿ ಇಲ್ಲದ ಒಂದು ಅನುಕೂಲವೂ ಇದೆ. ಮಲೆನಾಡಿನಲ್ಲಿ ನೀರು, ನೆರಳು ಎಲ್ಲೆಲ್ಲೂ ಇರುವುದರಿಂದ ಹಕ್ಕಿ, ಹುಳು, ಚಿಟ್ಟೆಗಳು ಚದುರಿಹೋಗಿರುತ್ತವೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಸುತ್ತಮುತ್ತ ಹಸಿ ಮಣ್ಣು ಸಿಗುವುದು ಬಚ್ಚಲ ಹಿಂದಿನ ಬಾಳೆ ಬುಡದಲ್ಲಿ ಮಾತ್ರ. ಅಕ್ಕಪಕ್ಕದ ಬಾಯಾರಿದ ಜೀವಗಳೆಲ್ಲ ಅಲ್ಲಿಗೇ ಬರಬೇಕು. ಹಾಗಾಗಿ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ನಾಲ್ಕಡಿ ಜಾಗದಲ್ಲೂ ನೋಡಲು ಬೇಕಾದಷ್ಟಿದೆ. ಎಲ್ಲಿ ನೋಡಬೇಕು, ಯಾವಾಗ ನೋಡಬೇಕು, ಅವು ಮತ್ತೆ ಬರಲು ನಾವು ಏನು ಮಾಡಬೇಕು ಎಂಬುದನ್ನು ತಿಳಿದುಕೊಂಡರೆ ಸಾಕು.

ಬಚ್ಚಲ ನೀರು ಇಂಗುವ ಕಡೆ

ಶುರು ಮಾಡಬೇಕಾದದ್ದು ಇಲ್ಲಿಂದಲೇ. ಬೆಳಿಗ್ಗೆ ಒಂಬತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ಬಚ್ಚಲ ಮೋರಿಯ ಅಂಚಿನ ಕೆಸರನ್ನು ಸ್ವಲ್ಪ ಹೊತ್ತು ಗಮನಿಸಿ. ಸಣ್ಣ ಸೊಂಟದ ಒಂದು ಕಣಜ ಬಂದು ಕೂರುತ್ತದೆ. ಬಾಯಿಯಿಂದ ಕೆಸರನ್ನು ಕೆರೆದು ಉಂಡೆ ಮಾಡಿಕೊಂಡು ಹಾರುತ್ತದೆ. ಅದು ಹೋದ ದಿಕ್ಕನ್ನೇ ಹಿಂಬಾಲಿಸಿದರೆ ಕಿಟಕಿ ಚೌಕಟ್ಟಿನಲ್ಲೋ, ತುಳಸಿ ಕಟ್ಟೆಯ ಸಂದಿಯಲ್ಲೋ ಬೆರಳ ತುದಿಯಷ್ಟು ಗಾತ್ರದ ಮಣ್ಣಿನ ಮಡಕೆ ಸಿಗುತ್ತದೆ. ಗುಂಡು ಹೊಟ್ಟೆ, ಕಿರಿದಾದ ಕೊರಳು, ಹೊರಕ್ಕೆ ಬಾಗಿದ ಅಂಚು, ಎಲ್ಲವೂ ಲಕ್ಷಣವಾಗಿ ಇರುತ್ತವೆ. ಈ ಕುಂಬಾರ ಕಣಜಕ್ಕೆ ಚಕ್ರವೂ ಇಲ್ಲ, ಕೈಯೂ ಇಲ್ಲ. ಬಾಯಿ ಮತ್ತು ಮುಂಗಾಲುಗಳಲ್ಲೇ ಅಷ್ಟೂ ಕೆಲಸ.

ಮಡಕೆ ಮುಗಿದ ಮೇಲೆ ಕಣಜ ಒಳಗೆ ಒಂದೇ ಒಂದು ಮೊಟ್ಟೆಯನ್ನು ಸಣ್ಣ ಎಳೆಯೊಂದರಿಂದ ಚಾವಣಿಗೆ ತೂಗುಹಾಕುತ್ತದೆ. ಆಮೇಲೆ ಹಸಿರು ಕಂಬಳಿಹುಳುಗಳನ್ನು ಕುಟುಕಿ, ಕೊಲ್ಲದೆ ಮರಗಟ್ಟಿಸಿ, ತಂದು ತುಂಬಿ ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿಗೆ ಕೆಡದ ಬುತ್ತಿ ಸಿದ್ಧ. ಹುಳು ಹಾಕಿದ ಗೂಡಿನಿಂದ ಕಣಜ ಹೊರಬಂದದ್ದನ್ನು ಕಂಡ ನಮ್ಮ ಹಿಂದಿನವರು ಕೀಟವೇ ಭ್ರಮರವಾಯಿತು ಎಂದು ಭಾವಿಸಿದರು. ‘ಭ್ರಮರ–ಕೀಟ ನ್ಯಾಯ’ ಹುಟ್ಟಿದ್ದು ಹೀಗೆ. ಅವರು ನೋಡಿದ್ದು ನಿಜ, ಮಡಕೆಯೊಳಗೆ ನಡೆದದ್ದು ಮಾತ್ರ ಬೇರೆ. ಅದೇ ಗೋಡೆಯ ಮೇಲೆ ಕೈಯಲ್ಲಿ ಮೆತ್ತಿದ ಹಾಗೆ ಉದ್ದನೆಯ ಮಣ್ಣಿನ ಗೂಡು ಕಂಡರೆ ಅದು ಇನ್ನೊಂದು ಜಾತಿಯ ಕಣಜದ್ದು. ಅದು ತುಂಬುವುದು ಜೇಡಗಳನ್ನು. ಎರಡೂ ಒಂಟಿಯಾಗಿ ಬಾಳುವ ಕಣಜಗಳು. ಕೈಯಲ್ಲಿ ಹಿಡಿದು ಹಿಸುಕದ ಹೊರತು ಮನುಷ್ಯರ ತಂಟೆಗೆ ಬರುವುದಿಲ್ಲ. ಸುಣ್ಣ ಬಳಿಯುವಾಗ ಗೂಡುಗಳನ್ನು ಕೆರೆದು ಹಾಕುವ ಮುಂಚೆ ನೋಡಿ. ಗೂಡಿನಲ್ಲಿ ದುಂಡನೆಯ ತೂತಿದ್ದರೆ ಮರಿ ಹಾರಿಹೋಗಿದೆ, ತೆಗೆಯಬಹುದು. ಮುಚ್ಚಿದ್ದರೆ ಕೆಲವು ವಾರ ಬಿಡಿ. ನಿಮ್ಮ ಟೊಮೆಟೊ, ಎಲೆಕೋಸಿನ ಹುಳುಗಳನ್ನು ಪುಕ್ಕಟೆಯಾಗಿ ಹೊತ್ತೊಯ್ಯುವ ಆಳು ಅದು.

ಇದೇ ಕೆಸರಿಗೆ ಚಿಟ್ಟೆಗಳೂ ಬರುತ್ತವೆ. ಹಳದಿ, ಬಿಳಿ ಬಣ್ಣದ ಸಣ್ಣ ಚಿಟ್ಟೆಗಳು ಸಾಲಾಗಿ ಕೂತು ನೀರು ಹೀರುವುದನ್ನು ಕಂಡಿರುತ್ತೀರಿ. ಬಂದವು ಹೆಚ್ಚಾಗಿ ಗಂಡುಗಳು. ಹೂವಿನ ಮಕರಂದದಲ್ಲಿ ಸಿಗದ ಉಪ್ಪಿನಂಶವನ್ನು ಅವು ಹಸಿ ಮಣ್ಣಿನಿಂದ ಪಡೆಯುತ್ತವೆ. ಮಧುಗಿರಿಯಲ್ಲಾದರೆ ಬೇಸಿಗೆಯಲ್ಲಿ ಜೇನುನೊಣಗಳ ಸರದಿಯೂ ಇರುತ್ತದೆ. ಏಕಶಿಲಾ ಬೆಟ್ಟದ ಊರಿನ ಹೆಸರಿನಲ್ಲೇ ಜೇನಿದೆ. ಹೆಜ್ಜೇನುಗಳು ಬೇಸಿಗೆಯಲ್ಲಿ ಗೂಡು ತಂಪುಮಾಡಲು ನೀರು ಒಯ್ಯುತ್ತವೆ. ನೀರಿಗೆ ಬಂದ ನೊಣ ಕಚ್ಚಲು ಬಂದದ್ದಲ್ಲ. ಬಡಿಯದೆ ಬಿಟ್ಟರೆ ಕುಡಿದು ಹೋಗುತ್ತದೆ. ಗೂಡಿಗೆ ಹೊಗೆ ಹಾಕುವುದು, ಕಲ್ಲೆಸೆಯುವುದು ಮಾತ್ರ ಪ್ರಾಣಕ್ಕೆ ಅಪಾಯ.

ಇನ್ನು ನೀರಿಡುವ ಕ್ರಮ. ಆಳವಾದ ಬಕೆಟ್ ಹಕ್ಕಿಗಳಿಗೆ ಉಪಯೋಗವಿಲ್ಲ, ಅಳಿಲು ಬಿದ್ದು ಸಾಯುವುದೂ ಉಂಟು. ಎರಡು ಬೆರಳಾಳದ ಅಗಲ ಮಣ್ಣಿನ ತಟ್ಟೆ ಸಾಕು. ನಡುವೆ ನಾಲ್ಕು ಕಲ್ಲು ಇಡಿ, ನೀರಿನಿಂದ ಅವುಗಳ ತಲೆ ಹೊರಗಿರಲಿ. ಜೇನುನೊಣ, ಚಿಟ್ಟೆಗಳಿಗೆ ಕೂರಲು ಅದೇ ಜಾಗ. ಗಿಡದ ಪಕ್ಕದಲ್ಲಿಡಿ, ಆದರೆ ಬೆಕ್ಕು ಅಡಗುವಷ್ಟು ಪೊದೆಗೆ ಅಂಟಿಸಬೇಡಿ. ದಿನಾ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ಹಾಕಿ. ಡೆಂಗಿ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ದಿನಾ ಬದಲಿಸಿದ ನೀರಿನಲ್ಲಿ ಅದಕ್ಕೆ ಅವಕಾಶವಿಲ್ಲ. ಬಚ್ಚಲ ನೀರೂ ಅಷ್ಟೇ, ಗುಂಡಿಯಲ್ಲಿ ನಿಲ್ಲಬಾರದು. ಬಾಳೆ, ಕೆಸು, ಪಪ್ಪಾಯಿ ಬುಡಕ್ಕೆ ಹರಿದು ಅಂದೇ ಇಂಗಬೇಕು. ಬಟ್ಟೆ ಒಗೆದ ಸೋಪಿನ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ, ಬಾಳೆಗೆ ಬಿಡಿ.

ತಿಂದ ಎಲೆಗೂ ಒಂದು ಕತೆಯಿದೆ

ಕರಿಬೇವಿನ ಎಲೆ ತೂತಾಗಿದ್ದರೆ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ಎಳೆ ಚಿಗುರಿನ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಪ್ಪು–ಬಿಳಿ ಮಚ್ಚೆ ಕಾಣುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಆ ಹಿಕ್ಕೆ ತಲೆಯೆತ್ತಿ, ನೆತ್ತಿಯಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಚಾಚುತ್ತದೆ, ಜೊತೆಗೆ ನಿಂಬೆ ಕೊಳೆತಂಥ ಘಾಟು. ಇದು ನಿಂಬೆ ಚಿಟ್ಟೆಯ ಅಥವಾ ಅದರ ಬಳಗದ ಚಿಟ್ಟೆಯ ಹುಳು. ಚಿಕ್ಕದಿರುವಾಗ ಹಿಕ್ಕೆಯ ವೇಷ ಹಾಕಿ ಹಕ್ಕಿಗಳಿಂದ ಪಾರಾಗುತ್ತದೆ. ದೊಡ್ಡದಾದ ಮೇಲೆ ಆ ವೇಷ ಸಾಲದು, ಎಲೆಯ ಹಸಿರಿಗೆ ಬದಲಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗಲು ಮೂರ್ನಾಲ್ಕು ವಾರ ಸಾಕು. ಕೋಶ ಕಟ್ಟುವಾಗಲೂ ಜಾಣತನವಿದೆ: ಹಸಿ ಎಲೆಗಳ ನಡುವೆ ಕಟ್ಟಿದರೆ ಹಸಿರು ಬಣ್ಣ, ಒಣಕಡ್ಡಿಯ ಮೇಲೆ ಕಟ್ಟಿದರೆ ಕಂದು.

ಒಗ್ಗರಣೆಗೆ ಎಲೆ ಉಳಿಯಬೇಕಲ್ಲ ಎನ್ನುವವರು ಎರಡು ಕರಿಬೇವು ನೆಡಿ. ದೊಡ್ಡ ಗಿಡದಲ್ಲಿ ಹತ್ತಾರು ಹುಳು ತಿಂದರೂ ಗಿಡಕ್ಕೆ ಏನೂ ಆಗದು, ಮತ್ತೆ ಚಿಗುರುತ್ತದೆ. ಮೊಣಕಾಲೆತ್ತರದ ಎಳೆ ಸಸಿಯಲ್ಲಿ ಹುಳು ಕಂಡರೆ ಕಡ್ಡಿಯಿಂದ ಎತ್ತಿ ದೊಡ್ಡ ಗಿಡಕ್ಕೋ ನಿಂಬೆ ಗಿಡಕ್ಕೋ ಸಾಗಿಸಿ. ಹುಳುವನ್ನು ತುಳಸಿ, ದಾಸವಾಳಕ್ಕೆ ಬಿಟ್ಟರೆ ಉಪವಾಸ ಸಾಯುತ್ತದೆ. ಪ್ರತಿ ಚಿಟ್ಟೆಗೂ ಅದರದೇ ಗಿಡ ಬೇಕು.

ಈ ಗಿಡ–ಚಿಟ್ಟೆಯ ನಂಟು ತಿಳಿದರೆ ಹುಡುಕುವುದು ಸಲೀಸು. ಬೇಲಿಯ ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಇದ್ದರೆ ಕಿತ್ತಳೆ ಬಣ್ಣದ ಚಿಟ್ಟೆ ಬರುತ್ತದೆ. ತಂಗಡಿ, ಕಕ್ಕೆಯಲ್ಲಿ ಹಸಿರು ಹುಳುವಿದ್ದರೆ ತಿಳಿಹಳದಿ ಚಿಟ್ಟೆ. ಸೀತಾಫಲದಲ್ಲಿ ಮುಳ್ಳುಮುಳ್ಳಾಗಿ ಕಾಣುವ ಹುಳು ಹಸಿರು ಚುಕ್ಕೆಯ, ಬಾಲವಿರುವ, ಒಂದು ಕ್ಷಣವೂ ನಿಲ್ಲದ ಚಿಟ್ಟೆಯಾಗುತ್ತದೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಕಣಗಿಲೆ. ಅದರ ಎಲೆಯಡಿ ನೋಡಿ: ಕಪ್ಪುಕಂದು ಬಣ್ಣದ ಸಾಮಾನ್ಯ ಚಿಟ್ಟೆಯೊಂದರ ಕೋಶ ಬೆಳ್ಳಿ ಲೋಲಾಕಿನ ಹಾಗೆ ತೂಗುತ್ತಿರುತ್ತದೆ. ಕನ್ನಡಿಯಷ್ಟು ಹೊಳಪು, ನಮ್ಮ ಮುಖದ ನೆರಳು ಅದರಲ್ಲಿ ಕಾಣುತ್ತದೆ. ಒಳಗೆ ಚಿಟ್ಟೆ ಸಿದ್ಧವಾದ ಹಾಗೆ ಹೊಳಪು ಕಂದಿ ಕಪ್ಪಾಗುತ್ತದೆ. ಆ ಬದಲಾವಣೆ ಕಂಡರೆ ಮರುದಿನ ಬೆಳಿಗ್ಗೆ ಬೇಗ ಎದ್ದು ಹೋಗಿ ನೋಡಿ.

ಪೂಜೆಗೆ ಬೆಳೆಸುವ ನಂದಿಬಟ್ಟಲಿನಲ್ಲಿ ಬೆರಳುದ್ದದ ದಪ್ಪ ಹಸಿರು ಹುಳು ಕಂಡು ಹೆಂಗಸರು, ಮಕ್ಕಳು ಬೆಚ್ಚುವುದುಂಟು. ಎರಡು ನೀಲಿ ಕಣ್ಣು ದಿಟ್ಟಿಸಿದಂತಿರುತ್ತದೆ. ಅವು ಕಣ್ಣಲ್ಲ, ಹಕ್ಕಿಯನ್ನು ಹೆದರಿಸುವ ಮಚ್ಚೆ. ಹುಳು ಕಚ್ಚದು, ತುರಿಕೆಯೂ ಇಲ್ಲ. ಇದು ಗಿಡದ ಬುಡದ ತರಗೆಲೆಯಲ್ಲಿ ಕೋಶ ಕಟ್ಟಿ, ಹಸಿರು ಮತ್ತು ತಿಳಿಗುಲಾಬಿ ಬಳಿದ ಸೊಗಸಾದ ಪತಂಗವಾಗಿ ಹೊರಬರುತ್ತದೆ. ಸಂಜೆಮಲ್ಲಿಗೆ ಹೂವಿನ ಮುಂದೆ ಕತ್ತಲಾಗುವ ಹೊತ್ತಿಗೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ದಪ್ಪ ಪತಂಗಗಳು ಇದೇ ಬಳಗದವು. ಅಂಗಳವನ್ನು ಎಷ್ಟು ಬೇಕಾದರೂ ಗುಡಿಸಿ, ಗಿಡದ ಬುಡದ ತರಗು ಹಾಗೇ ಇರಲಿ.

ಗುಲಾಬಿ ಎಲೆಯ ಅಂಚು ಬಳೆ ಒತ್ತಿ ಕತ್ತರಿಸಿದಷ್ಟು ದುಂಡಗೆ ಹೋಗಿದ್ದರೆ ಅದು ಹುಳುವಿನ ಕೆಲಸವೇ ಅಲ್ಲ. ಎಲೆಕತ್ತರಿ ಜೇನು ಎಂಬ ಒಂಟಿ ಜೇನುನೊಣ ಆ ತುಂಡುಗಳನ್ನು ಒಯ್ದು ಟೊಳ್ಳು ಕಡ್ಡಿಯೊಳಗೆ ಸುರುಳಿ ಸುತ್ತಿ ಮರಿಗಳಿಗೆ ಕೋಣೆ ಮಾಡುತ್ತದೆ. ಗುಲಾಬಿಗೆ ನಷ್ಟವೇನಿಲ್ಲ. ಪೆನ್ಸಿಲ್ ದಪ್ಪದ ತೂತಿರುವ ಬಿದಿರಿನ ತುಂಡುಗಳನ್ನು ಒಂದು ತುದಿ ಮುಚ್ಚಿರುವಂತೆ ಕತ್ತರಿಸಿ, ಕಟ್ಟು ಮಾಡಿ, ಮಳೆ ಬೀಳದ ಸೂರಿನಡಿ ತೂಗುಹಾಕಿದರೆ ಅವು ಅಲ್ಲೇ ಸಂಸಾರ ಹೂಡುತ್ತವೆ.

ಹೂವು ಉದುರಿದರೆ ಹೆದರಬೇಡಿ

“ಅಕ್ಕಾ, ದಾಳಿಂಬೆ ಹೂವೆಲ್ಲ ಉದುರ್ತಾವೆ ಕಣಕ್ಕಾ, ಏನು ಹಾಕಾನ?” ಎಂಬ ಪ್ರಶ್ನೆ ನಮ್ಮ ಬೀದಿಗಳಲ್ಲಿ ಕೇಳುತ್ತಲೇ ಇರುತ್ತದೆ. ಮಧುಗಿರಿ ದಾಳಿಂಬೆಗೆ ಹಿಂದಿನಿಂದಲೂ ಹೆಸರಾದ ಸೀಮೆ, ಮನೆಮನೆಯಲ್ಲೂ ಒಂದು ಗಿಡ ಇದ್ದೀತು. ಉದುರಿದ ಹೂವನ್ನೂ ಗಿಡದಲ್ಲಿ ನಿಂತ ಹೂವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬುಡ ಸಣ್ಣಗಿದ್ದು ಗಂಟೆಯ ಆಕಾರದಲ್ಲಿರುವುದು ಗಂಡು ಹೂವು, ಅದು ಉದುರಲೇಬೇಕು. ಬುಡ ಉಬ್ಬಿ ಹೂದಾನಿಯಂತಿರುವುದು ಕಾಯಿ ಕಟ್ಟುವ ಹೂವು. ಒಂದೇ ಗಿಡದಲ್ಲಿ ಎರಡೂ ಬಿಡುತ್ತವೆ. ಉಬ್ಬಿದ ಬುಡದವೂ ಉದುರುತ್ತಿದ್ದರೆ ಮಾತ್ರ ನೀರು, ಗೊಬ್ಬರದ ಕಡೆ ಗಮನ ಕೊಡಿ. ಕಾಯಿಯಲ್ಲಿ ತೂತು ಬಿದ್ದು ಕೆಟ್ಟ ವಾಸನೆ ಬಂದರೆ ಅಲ್ಲಿರುವುದು ದಾಳಿಂಬೆ ಚಿಟ್ಟೆಯ ಹುಳು. ಇದನ್ನು ಮಾತ್ರ ಉಳಿಸಿಕೊಳ್ಳಿ ಎಂದು ನಾನು ಹೇಳಲಾರೆ. ಅಂಥ ಕಾಯಿ ಕಿತ್ತು ಆಳವಾಗಿ ಹೂಳಿ, ಉಳಿದ ಎಳೆಗಾಯಿಗಳಿಗೆ ಬಟ್ಟೆ ಅಥವಾ ಕಾಗದದ ಚೀಲ ಕಟ್ಟಿ. ಔಷಧಿ ಸಿಂಪಡಿಸುವ ಗೋಜೇ ಬೇಡ.

ಹೀರೆ ಹೂವು ಅರಳುವುದು ಸಂಜೆ, ಸೋರೆಯ ಬಿಳಿ ಹೂವು ಅರಳುವುದೂ ಸಂಜೆಯೇ. ಕುಂಬಳದ ಹೂವು ನಸುಕಿನಲ್ಲಿ. ಬಳ್ಳಿ ತುಂಬ ಹೂವಿದ್ದೂ ಕಾಯಿಲ್ಲ ಎನ್ನುವವರು ಆಯಾ ಹೊತ್ತಿಗೆ ಹೋಗಿ, ಹಿಂದೆ ಪುಟ್ಟ ಕಾಯಿ ಅಂಟಿಕೊಂಡಿರುವ ಹೆಣ್ಣು ಹೂವಿಗೆ ಗಂಡು ಹೂವಿನ ಪರಾಗ ತಾಗಿಸಿದರೆ ಕಾಯಿ ನಿಲ್ಲುತ್ತದೆ.

ಬದನೆ, ಟೊಮೆಟೊ ಹೂವಿನ ಮುಂದೆ ಬೆಳಿಗ್ಗೆ ಕಿವಿಗೊಟ್ಟು ನಿಲ್ಲಿ. ಈ ಹೂಗಳ ಪರಾಗ ಕೋಶದ ತುದಿಯಲ್ಲಿ ಸಣ್ಣ ತೂತಿನಿಂದಲೋ ಕಿರಿದಾದ ಸೀಳಿನಿಂದಲೋ ಮಾತ್ರ ಹೊರಬರಬೇಕು. ಅಲುಗಾಡಿಸದೆ ಅದು ಉದುರದು. ನಮ್ಮ ಜೇನುನೊಣಗಳಿಗೆ ಆ ವಿದ್ಯೆ ಬಾರದು. ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆಗಳಿರುವ ದುಂಡನೆಯ ಒಂದು ಒಂಟಿ ಜೇನು ಬಂದು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ ಮೈಯನ್ನಷ್ಟೇ ನಡುಗಿಸುತ್ತದೆ. ಝುಂಯ್ ಎಂಬ ದನಿ ತಟ್ಟನೆ ಏರಿ ನಿಲ್ಲುತ್ತದೆ. ಪರಾಗ ಪುಡಿಯಾಗಿ ಅದರ ಎದೆಯ ಮೇಲೆ ಉದುರುತ್ತದೆ. ಕಪ್ಪು ದುಂಬಿಗಳೂ ಹೀಗೆ ಮಾಡಬಲ್ಲವು. ಸಂಜೆ ಹೊತ್ತಿಗೆ ಇದೇ ನೀಲಿಪಟ್ಟೆಯ ಜೇನುಗಳು, ಅದರಲ್ಲೂ ಗಂಡುಗಳು, ಒಣ ಹುಲ್ಲುಕಡ್ಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸಾಲಾಗಿ ನಿದ್ದೆಗೆ ಜಾರುತ್ತವೆ. ಟಾರ್ಚ್ ಹಿಡಿದು ನೋಡಿದರೂ ಕದಲುವುದಿಲ್ಲ. ಹೆಣ್ಣುಗಳು ಗೂಡು ತೋಡುವುದು ಹಳೆಯ ಮಣ್ಣಿನ ಗೋಡೆಯಲ್ಲಿ, ಬರಿ ನೆಲದಲ್ಲಿ. ಹಿತ್ತಲಿನ ಹಳೆ ಕೊಟ್ಟಿಗೆಯ ಮಣ್ಣುಗೋಡೆ ಕೆಡವುವ ಮುಂಚೆ ಬದನೆಗಿಡವನ್ನು ಒಮ್ಮೆ ನೆನೆಯಿರಿ.

ಶಿರಾ, ಪಾವಗಡದವರಿಗೆ ಕಡಲೆಕಾಯಿ ಬೆಳೆ ಹೊಸದಲ್ಲ. ಆದರೆ ಹೊಲದಲ್ಲಿ ಕಂಡದ್ದನ್ನು ಮನೆಯಲ್ಲಿ, ಮಕ್ಕಳ ಮುಂದೆ ಹತ್ತಿರದಿಂದ ನೋಡುವುದೇ ಬೇರೆ. ಸಿಮೆಂಟ್ ಚೀಲಕ್ಕೆ ಮರಳು ಬೆರೆಸಿದ ಕೆಮ್ಮಣ್ಣು ತುಂಬಿ ನಾಲ್ಕು ಬೀಜ ಹಾಕಿ. ತಿಂಗಳಾಗುವ ಹೊತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಹಳದಿ ಹೂವು ಅರಳಿ ಅಂದೇ ಬಾಡುತ್ತದೆ. ಹೂವಿದ್ದ ಕಡೆಯಿಂದ ತೆಳ್ಳನೆಯ ಮೊನಚು ದಂಟೊಂದು ಹೊರಟು ನೆಲದ ಕಡೆಗೆ ತಿರುಗುತ್ತದೆ. ಅದರ ತುದಿಯಲ್ಲಿರುವುದು ಫಲಗೊಂಡ ಅಂಡಾಶಯ. ಮಣ್ಣು ಮುಟ್ಟಿ, ಒಳಹೊಕ್ಕು, ಕತ್ತಲಲ್ಲಿ ಅಡ್ಡ ತಿರುಗಿದ ಮೇಲೆಯೇ ಅದು ಕಾಯಿಯಾಗುವುದು. ಒಂದು ದಂಟಿನ ಕೆಳಗೆ ಸಣ್ಣ ಹಲಗೆಯಿಟ್ಟು ನೆಲ ಮುಟ್ಟದಂತೆ ತಡೆಯಿರಿ, ಅಲ್ಲಿ ಕಾಯಿ ಕಟ್ಟುವುದಿಲ್ಲ. ಮಕ್ಕಳಿಗೆ ಪಾಠ ಬೇರೆ ಹೇಳಬೇಕಿಲ್ಲ. ಹೂ ಬಿಡುವಾಗ ಬುಡಕ್ಕೆ ಒಂದು ಹಿಡಿ ಜಿಪ್ಸಂ ಹಾಕಿ; ಬೆಳೆಯುವ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನ ಮೂಲಕ ಪಡೆಯದೆ ಸುತ್ತಲ ಮಣ್ಣಿನಿಂದ ನೇರವಾಗಿ ಹೀರುತ್ತದೆ. ರೈತರು ಹೊಲಕ್ಕೆ ಜಿಪ್ಸಂ ಕೊಡುವುದೂ ಇದಕ್ಕೇ.

ಮಳೆ ನಕ್ಷತ್ರದ ಲೆಕ್ಕದಲ್ಲಿ

ಯಾವಾಗ ಏನು ಕಾಣುತ್ತದೆ ಎಂದು ತಿಳಿಯಲು ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರಗಳೇ ಒಳ್ಳೆಯ ಕೈಪಿಡಿ. ಅಶ್ವಿನಿ, ಭರಣಿಯ ಒಂದೆರಡು ಜೋರು ಮಳೆ ಬಿದ್ದ ಸಂಜೆ ಹುತ್ತದಿಂದ, ನೆಲದ ಬಿರುಕಿನಿಂದ ಈಸಲು ಹುಳ ಏಳುತ್ತವೆ. ರೆಕ್ಕೆ ಬಂದ ಗೆದ್ದಲುಗಳವು. ನಮ್ಮ ಕಡೆ ಹಿಡಿದು ಹುರಿದು ತಿನ್ನುವ ರೂಢಿ ಇವತ್ತಿಗೂ ಇದೆ. ಮನೆ ದೀಪ ಆರಿಸಿ ಹೊರಗಿನ ದೀಪ ಒಂದನ್ನೇ ಉಳಿಸಿದರೆ ಒಳಗೆ ರಗಳೆ ಇಲ್ಲ, ಹೊರಗೆ ಔತಣ ಶುರು: ಹಲ್ಲಿ, ಕಪ್ಪೆ, ಮರುದಿನ ಬೆಳಿಗ್ಗೆ ಕಾಜಾಣ, ಮಡಿವಾಳ ಹಕ್ಕಿ, ಕೋಳಿ. ನೆಲಕ್ಕಿಳಿದ ಜೋಡಿಗಳು ತಾವಾಗಿಯೇ ರೆಕ್ಕೆ ಕಳಚಿ ಒಂದರ ಹಿಂದೆ ಒಂದು ನಡೆಯುವುದನ್ನು ನೋಡಿ. ಹೊಸ ಗೂಡಿನ ರಾಜ, ರಾಣಿ ಆಗಲು ಹೊರಟವು ಅವೇ.

ಮೃಗಶಿರ, ಆರಿದ್ರಾ ಮಳೆಗೆ, ಅಂದರೆ ಜೂನ್ 8ರಿಂದ ಜುಲೈ ಮೊದಲ ವಾರದೊಳಗೆ, ಮರಳು ಮಿಶ್ರಿತ ಕೆಮ್ಮಣ್ಣಿನಲ್ಲಿ ರಕ್ತಗೆಂಪು ಮಖಮಲ್ಲಿನ ಹುಳು ಓಡಾಡುತ್ತದೆ. ಪುಸ್ತಕದಲ್ಲಿ ಇಂದ್ರಗೋಪ, ತೆಲುಗು ಬೆರೆತ ಪಾವಗಡದ ಹಳ್ಳಿಗಳಲ್ಲಿ ಆರುದ್ರ ಪುರುಗು. ಕಾಲು ಎಣಿಸಿದರೆ ಎಂಟು. ಆದ್ದರಿಂದ ಇದು ಕೀಟವಲ್ಲ, ಜೇಡದ ಕಡೆಯ ನಂಟ. ವರ್ಷದ ಹೆಚ್ಚು ಕಾಲ ಮಣ್ಣಿನೊಳಗೇ ಇದ್ದು, ಮಳೆ ಬಿದ್ದ ಮೇಲೆ ಕೆಲವು ಹೊತ್ತು ಮಾತ್ರ ಮೇಲೆ ಬರುತ್ತದೆ. ಗೆದ್ದಲು, ಕೀಟಗಳ ಮೊಟ್ಟೆ ಇದರ ಆಹಾರ. ಮಕ್ಕಳು ಬೆಂಕಿಪೊಟ್ಟಣದಲ್ಲಿ ತುಂಬಿಡುವುದು, ಔಷಧಿಗೆಂದು ಹಿಡಿದು ಮಾರುವುದು ಎರಡೂ ಬೇಡ. ಅಂಗೈ ಮೇಲೆ ಒಂದು ನಿಮಿಷ ಬಿಟ್ಟುಕೊಂಡು ನೋಡಿ, ಹಿಡಿದ ಜಾಗದಲ್ಲೇ ಬಿಡಿ. ರಾಸಾಯನಿಕ ಕಳೆನಾಶಕ ಹೊಡೆದ ಅಂಗಳದಲ್ಲಿ ಇದನ್ನು ಹುಡುಕುವ ಶ್ರಮ ಬೇಡ.

ಇದೇ ಮಳೆಗೆ ಹಿತ್ತಲಲ್ಲಿ ತಾನಾಗಿ ಬೆಳೆಯುವ ಕನ್ನೆ, ಅಣ್ಣೆ, ಹೊನಗೊನ್ನೆ, ಗಣಕೆ, ಕೊಮ್ಮೆ ಸೊಪ್ಪುಗಳನ್ನು ಕಳೆಯೆಂದು ಕಿತ್ತೆಸೆಯುವವರಿಗೆ ಬೆರಕೆ ಸೊಪ್ಪಿನ ಬಸ್ಸಾರಿನ ರುಚಿ ನೆನಪಿಲ್ಲ ಎಂದೇ ಅರ್ಥ. ಗುರುತು ಬಲ್ಲ ಹಿರಿಯ ಹೆಂಗಸೊಬ್ಬರ ಜೊತೆ ಒಂದು ಮಳೆಗಾಲ ಸೊಪ್ಪು ಬಿಡಿಸಿ ಕಲಿಯಿರಿ. ಗುರುತಾಗದ ಎಲೆ ಪಾತ್ರೆಗೆ ಹೋಗಬಾರದು. ಚರಂಡಿ ಬದಿಯ ಸೊಪ್ಪು ಬೇಡ.

ಮುಂಗಾರಿಗೆ ಮೊದಲು ಪಶ್ಚಿಮಘಟ್ಟದಿಂದ ಪೂರ್ವಕ್ಕೆ ನೀಲಿಚುಕ್ಕೆಯ ಕಪ್ಪು ಚಿಟ್ಟೆಗಳು ಗುಂಪಾಗಿ ಬರುತ್ತವೆ, ಹಿಂಗಾರಿನ ಹೊತ್ತಿಗೆ ಮರಳುತ್ತವೆ. ದಾರಿಯಲ್ಲಿ ಗಿಜಿಗಿಜಿ ಗಿಡ, ಚೇಳುಕೊಂಡಿ ಗಿಡ ಸಿಕ್ಕರೆ ಗಂಡು ಚಿಟ್ಟೆಗಳು ಒಣಗಿದ ಎಲೆ, ಕಾಂಡಗಳನ್ನೇ ಮುತ್ತಿ ರಸ ಹೀರುತ್ತವೆ. ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ವಸ್ತು ಅದರಲ್ಲಿದೆ. ಹಿತ್ತಲ ಮೂಲೆಯಲ್ಲಿ ಒಂದು ಗಿಜಿಗಿಜಿ ಗಿಡ ಒಣಗಲು ಬಿಟ್ಟು ನೋಡಿ. ಹಸ್ತಾ, ಚಿತ್ತಾ ಮಳೆ ಮುಗಿದು ಇಬ್ಬನಿ ಶುರುವಾದರೆ ಅವರೆ ಚಪ್ಪರದ ಸರದಿ. ಬೆಳಗಿನ ಇಬ್ಬನಿಯಲ್ಲಿ ಕಾಯಿ ಮುಟ್ಟಿದ ಬೆರಳಿಗೆ ಅಂಟುವ ಎಣ್ಣೆಯೇ ಸೊಗಡು. ಕೈ ತೊಳೆದರೂ ಹೋಗದ ಆ ವಾಸನೆಗೆ ಕಾಯುವವರು ಈ ಸೀಮೆಯಲ್ಲಿ ಕಡಿಮೆಯಿಲ್ಲ.

ಒಣ ಮೂಲೆ ಮತ್ತು ಬೇಲಿ

ಸೂರಿನಡಿ ಮಳೆ ಬೀಳದ ನುಣುಪು ದೂಳಿನಲ್ಲಿ ಬಟ್ಟಲಾಕಾರದ ಕುಳಿಗಳಿರುತ್ತವೆ. ಅಂಚಿನ ಒಂದು ಕಾಳು ಮರಳನ್ನು ಕಡ್ಡಿಯಿಂದ ಜಾರಿಸಿ. ತಳದಿಂದ ಮರಳು ಚಿಮ್ಮುತ್ತದೆ. ಜಾರುವ ಇರುವೆಯನ್ನು ಕೆಡಹಲು ಕೆಳಗೆ ಅಡಗಿದ ಹುಳುವಿನ ಉಪಾಯ ಅದು. ಕುಳಿಯನ್ನು ಮಣ್ಣಿನ ಸಮೇತ ಬೊಗಸೆಯಲ್ಲಿ ಎತ್ತಿ ತಟ್ಟೆಯಲ್ಲಿ ಹರಡಿ: ಬೂದು ಬಣ್ಣದ, ಇಕ್ಕಳದ ಬಾಯಿಯ ಹುಳು ಹಿಂದಕ್ಕೇ ನಡೆದು ಮಣ್ಣಿನೊಳಗೆ ಮಾಯವಾಗುತ್ತದೆ. ಮುಂದಕ್ಕೆ ನಡೆಯಲು ಅದಕ್ಕೆ ಬಾರದು. ಮುಂದೊಂದು ದಿನ ಅದೇ ತೆಳು ರೆಕ್ಕೆಗಳ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಕೀಟವಾಗಿ ರಾತ್ರಿ ದೀಪಕ್ಕೆ ಬರುತ್ತದೆ. ಇದಕ್ಕೆ ಬೇಕಾದದ್ದು ಸಿಮೆಂಟ್ ಕಾಣದ, ನೀರು ಚೆಲ್ಲದ ಒಂದು ಗೇಣು ಜಾಗ.

ಸೂರಿಗೆ ಕಟ್ಟಿದ ತಂತಿ, ಬಟ್ಟೆ ಒಣಹಾಕುವ ಹಗ್ಗದಲ್ಲಿ ಕಸ ಸಿಕ್ಕಿಕೊಂಡಂತೆ ತೂಗುವುದು ಸೂರಕ್ಕಿಯ ಗೂಡು. ಜೇಡರ ಬಲೆಯಲ್ಲಿ ತೊಗಟೆ ಚೂರು, ಒಣ ಎಲೆ ಪೋಣಿಸಿ, ಪಕ್ಕದಲ್ಲಿ ಬಾಗಿಲಿಟ್ಟು, ಬಾಗಿಲಿಗೆ ಸಣ್ಣ ಚಾಚುಸೂರನ್ನೂ ಕಟ್ಟಿರುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಮರಿ ಹಾರುವ ತನಕ ಸುಮಾರು ಒಂದು ತಿಂಗಳು. ಆ ತಿಂಗಳು ಬಟ್ಟೆಯನ್ನು ಬೇರೆ ಕಡೆ ಒಣಹಾಕಿದರಾಯಿತು. ದಾಸವಾಳದ ಅಗಲ ಎಲೆ ಕೊಟ್ಟೆಯಂತೆ ಮಡಚಿ ಅಂಚಿನಲ್ಲಿ ಹತ್ತಿಯ ಗಂಟು ಕಂಡರೆ ಅದು ಸಿಂಪಿಗನ ಮನೆ. ಹತ್ತಿರದ ಫೋಟೊ, ಕೊಂಬೆ ಬಗ್ಗಿಸಿ ಮಕ್ಕಳಿಗೆ ತೋರಿಸುವುದು ಎರಡೂ ಗೂಡಿಗೆ ಕೇಡು. ತಾಯಿಹಕ್ಕಿ ಬಿಟ್ಟುಹೋಗಬಹುದು, ಕಾಗೆಗೆ ಸುಳಿವು ಸಿಗಬಹುದು. ನಾಲ್ಕು ಮಾರು ದೂರದಿಂದ ನೋಡಿ.

ಕಾಂಪೌಂಡ್ ಕಟ್ಟುವ ಮೊದಲು ಹಳೆ ಬೇಲಿಯನ್ನು ಒಂದು ರಾತ್ರಿ ನೋಡಿ. ಎಲಚಿ, ಕಾರೆ, ಕಳ್ಳಿ, ತೊಂಡೆಬಳ್ಳಿ ಹೆಣೆದುಕೊಂಡ ಬೇಲಿ ಎಷ್ಟೋ ಜೀವಗಳಿಗೆ ದಾರಿಯೂ ಹೌದು, ಮನೆಯೂ ಹೌದು. ಕಾಡುಪಾಪ ಕೊಂಬೆಯಿಂದ ಕೊಂಬೆಗೆ ಹಿಡಿದು ಸಾಗುವ ಪ್ರಾಣಿ, ಬೇಲಿ ತುಂಡಾದರೆ ಅದರ ದಾರಿಯೂ ತುಂಡಾಯಿತು. ಪಕ್ಕದ ತುಮಕೂರು ತಾಲ್ಲೂಕಿನ ನಾಗವಲ್ಲಿ ಕಾಡುಪಾಪಗಳಿಗೆ ಹೆಸರಾದ ಊರು. ಕೊರಟಗೆರೆ ಕಡೆಯ ತೋಟದ ಬೇಲಿಗಳಲ್ಲೂ ಟಾರ್ಚ್ ಬೆಳಕಿಗೆ ಎರಡು ಕೆಂಡದ ಕಣ್ಣು ಹೊಳೆದರೆ ಬೆಳಕನ್ನು ಕೂಡಲೇ ಬೇರೆ ಕಡೆ ತಿರುಗಿಸಿ. ಅದನ್ನು ಕಂಡರೆ ಅಪಶಕುನ ಎಂಬ ಮಾತಿನಿಂದ ಪಾಪದ ಪ್ರಾಣಿ ಪಟ್ಟ ಪಾಡು ಸಾಕು. ಪಾವಗಡದಲ್ಲಿ ಸುಮಾರು 13,000 ಎಕರೆ ನೆಲ ಸೌರ ಪಾರ್ಕಿಗೆ ಹೋದ ಮೇಲೆ ಉಳಿದ ಬದುಗಳ, ಮನೆ ಬೇಲಿಗಳ ಬೆಲೆ ಹೆಚ್ಚಿದೆ ಎಂದೇ ನನ್ನ ಎಣಿಕೆ. ನಕ್ಷತ್ರ ಆಮೆ ಹಿತ್ತಲಿಗೆ ಬಂದರೆ ಅದೃಷ್ಟವೆಂದು ಮನೆಯಲ್ಲಿಟ್ಟು ಸಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅದು ಹೊರಟ ಕಡೆಗೆ ಹೋಗಲು ಬಿಡಿ, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ತರಗು, ಬೇಲಿ, ಕಲ್ಲುಗುಡ್ಡೆ ಇದ್ದಲ್ಲಿ ಹಾವು, ಚೇಳು ಇರಬಹುದು ಎಂಬ ಆತಂಕ ಸರಿಯಾದದ್ದೇ. ಅದಕ್ಕೆಂದೇ ಕಾಡು ಮೂಲೆಯನ್ನು ಬಾಗಿಲಿನಿಂದ, ಮಕ್ಕಳು ಆಡುವ ಜಾಗದಿಂದ, ಬಚ್ಚಲಿಗೆ ಹೋಗುವ ದಾರಿಯಿಂದ ದೂರವಿಡಿ. ಸೌದೆ, ಹೆಂಚುಗಳನ್ನು ಗೋಡೆಗೆ ಒತ್ತಿ ಪೇರಿಸಬೇಡಿ. ರಾತ್ರಿ ಚಪ್ಪಲಿ, ಟಾರ್ಚ್ ಇಲ್ಲದೆ ಹಿತ್ತಲಿಗೆ ಕಾಲಿಡಬೇಡಿ. ಹಾವು ಕಚ್ಚಿದರೆ ನಾಟಿ ಔಷಧಿ, ಮಂತ್ರಗಳಲ್ಲಿ ಹೊತ್ತು ಕಳೆಯದೆ ತಾಲ್ಲೂಕು ಆಸ್ಪತ್ರೆಗೆ ಧಾವಿಸಿ.

ಮನೆಯ ಆಚೆಗೂ ಈ ಸೀಮೆಯಲ್ಲಿ ದೊಡ್ಡ ಉದಾಹರಣೆಗಳಿವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ, ಮನೆಗಳ ಪಕ್ಕದಲ್ಲೇ. ಊರವರು ಹಕ್ಕಿಗಳನ್ನು ತಮ್ಮವೆಂದುಕೊಂಡಿದ್ದಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಮಕ್ಕಳಿಗೆ ಹಿತ್ತಲಲ್ಲಿ ನೋಡುವ ಕಣ್ಣು ಕೂಡಿಬಂದ ಮೇಲೆ ಈ ಎರಡು ಕಡೆಗೂ ಒಂದೊಂದು ದಿನ ಕರೆದೊಯ್ಯಿರಿ.

ಈಗ ಊರೂರಲ್ಲೂ ಕೊಳೆಯಾಗುತ್ತದೆ ಎಂದು ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸುವುದು ಹೆಚ್ಚಾಗಿದೆ. ಸಿಮೆಂಟ್ ಬಿದ್ದ ನೆಲದಲ್ಲಿ ಮಳೆ ನೀರು ಇಂಗುವುದಿಲ್ಲ, ಮೇಲೆ ಹೇಳಿದ ಕಣಜವೂ ಇಂದ್ರಗೋಪವೂ ನೀಲಿಪಟ್ಟೆಯ ಜೇನೂ ಉಳಿಯುವುದಿಲ್ಲ. ನಿಮ್ಮ ಮನೆಯಲ್ಲೂ ಆ ಕೆಲಸಕ್ಕೆ ಮೇಸ್ತ್ರಿಯನ್ನು ಕರೆಸುವುದಿದ್ದರೆ, ಬಚ್ಚಲ ಹಿಂದಿನ ಒಂದು ಮಾರು ಮತ್ತು ಬೇಲಿಯುದ್ದದ ಎರಡಡಿ ನೆಲವನ್ನು ಮಣ್ಣಾಗಿಯೇ ಬಿಡಲು ಅವರಿಗೆ ಮೊದಲೇ ಹೇಳಿ.